ಎಂಟರ ಪಕ್ಕದ ಸೊನ್ನೆ

ಗುರುವಾರ ಬೆಳಿಗ್ಗೆ 10.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಆಸ್ಪತ್ರೆಯ ಸ್ಟೋರ್‌ಕೀಪರ್ ಚಪ್ಪಲಿ ಅದಲುಬದಲು ಮೆಟ್ಟಿದ್ದರು.

“ಮಂಗಳವಾರ ಮಧ್ಯಾಹ್ನ ಕೋಲ್ಡ್ ರೂಮ್ ತಂಪು ನಿಂತೋಗಿದೆ ಮೇಡಂ. ಲಸಿಕೆಯೆಲ್ಲ ಹಾಳು. ನಾನು ನೋಡ್ಕೊಳ್ಳಲಿಲ್ಲ ಅಂತ ಶನಿವಾರ ಕೆಲಸದಿಂದ ತೆಗೀತಾರಂತೆ. ಪರದೆ ಮೇಲೆ ಹಸಿರು ದೀಪಾನೇ ಇತ್ತು. ಯಾರೋ ಕೈಯಾಡಿಸಿದಾರೆ. ಸರ್ವರ್ ನೋಡ್ಕೊಳ್ಳೋದು ನನ್ನ ಅಳಿಯನೇ, ಬೇಕಾದ್ರೆ ಕೇಳಿ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದಳು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮುದುಕರ ಪಾಲಿಗೆ ಉಳಿದದ್ದು ಎರಡೇ ದಿನ.

11.45ಕ್ಕೆ ಕೋಲ್ಡ್ ರೂಮಿನಲ್ಲಿ ಪಂಚನಾಮೆ. ಗೋಡೆಯ ಮೇಲಿನ ಪುಟ್ಟ ಯಂತ್ರವನ್ನು ಅಳಿಯ ತೋರಿಸಿದ.

“ನಮ್ಮ ಸರ್ವರ್ ಐದು ನಿಮಿಷಕ್ಕೊಮ್ಮೆ ಇದನ್ನ ವಿಚಾರಿಸುತ್ತೆ. ಎಂಟು ಡಿಗ್ರಿ ದಾಟಿದ್ರೆ ಹೇಳು ಅಂತ ಪ್ರಶ್ನೆ ಜೊತೆಗೇ ಮಿತೀನೂ ಕಳಿಸುತ್ತೆ.”

“ಮಿತಿ ಇದರಲ್ಲೇ ಇರಲ್ವಾ?”

“ಔಷಧಿ ಬದಲಾದಾಗೆಲ್ಲ ಇಲ್ಲಿಗೆ ಓಡಿ ಬರೋರ್ಯಾರು? ಹೊರಗಿಂದ ಹೇಳಿದ್ದನ್ನ ಒಪ್ಕೋ ಅಂತ ಬಿಟ್ಟಿದೀವಿ.”

“ಸರ್ವರಿನ ದಾಖಲೆ?”

“ಈ ವಾರದ್ದು ಅಳಿಸಿಹೋಗಿದೆ.”

ಜೇಬಿನ ಫೋನ್ ಗುಂಯ್‌ಗುಟ್ಟಿದಾಗೆಲ್ಲ ಅವನು ಹಾವು ತುಳಿದವನಂತೆ ಬೆಚ್ಚುತ್ತಿದ್ದ.

“ಅಜ್ಜಿ ಕತೆಯ ಕಾವಲುಗಾರ ಮೇಡಂ ಇದು,” ಎಂದ ಹೆಡ್ ಕಾನ್‌ಸ್ಟೆಬಲ್. “ಕಳ್ಳ ಆನೆ ಮೇಲೆ ಬಂದ್ರೆ ಮಾತ್ರ ಕೂಗು ಅಂದ್ರೆ, ನಡ್ಕೊಂಡು ಬಂದವನಿಗೆ ಬಾಗಿಲು ತೆಗೆದು ಕೊಡುತ್ತೆ.”

ಅವಳು ಥಟ್ಟನೆ ನಿಂತಳು. ಪ್ರಶ್ನೆ ಕೇಳಿದ ಸರ್ವರ್ ಮರೆತರೂ ಕೇಳಿಸಿಕೊಂಡ ಯಂತ್ರ ಮರೆಯಬೇಕೆಂದಿಲ್ಲವಲ್ಲ.

3.05ಕ್ಕೆ ಸೈಬರ್ ವಿಭಾಗದವರು ಗೋಡೆಯ ಯಂತ್ರವನ್ನೇ ಬಿಚ್ಚಿದರು. ತನಗೆ ಬಂದ ಒಂದೊಂದು ಪ್ರಶ್ನೆಯನ್ನೂ ಅದು ಬರೆದಿಟ್ಟುಕೊಂಡಿತ್ತು. ಮಂಗಳವಾರ 12.40ರಿಂದ ಮಿತಿ ಎಂಟಲ್ಲ, ಎಂಬತ್ತು. ಬುಧವಾರ 9.25ಕ್ಕೆ ಮತ್ತೆ ಎಂಟು.

“ಲಸಿಕೆ ಹಾಳಾಗಿದ್ದನ್ನ ಮೊದಲು ಯಾರಿಗೆ ಹೇಳಿದ್ರಿ ಯಜಮಾನ್ರೇ?”

“ಅಳಿಯನಿಗೆ. ಬುಧವಾರ ಒಂಬತ್ತು ಇಪ್ಪತ್ತಕ್ಕೆ. ಬೇರೆ ಯಾರಿಗೂ ಹೇಳೋ ಧೈರ್ಯ...”

ಅವರ ಕಣ್ಣು ಪಟ್ಟಿಯ 9.25ರ ಮೇಲೆ ನಿಂತಿತು.

5.10ಕ್ಕೆ ಅಳಿಯನ ಮನೆ. ತೊಟ್ಟಿಲಲ್ಲಿ ಇಪ್ಪತ್ತು ದಿನದ ಕೂಸು. ಬಾಣಂತಿ ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದಳು.

“ಆ ರೂಮಿನ ಬಾಗಿಲು ತೆಗೆದಾಗೆಲ್ಲ ಎಂಟು ದಾಟಿ ಫೋನ್ ಬಡ್ಕೊಳ್ತಿತ್ತು,” ಎಂದ ಅವನು. “ಮಗು ಬೆಚ್ಚಿಬೀಳ್ತಿತ್ತು. ಇವಳು ಮೂರು ದಿನದಿಂದ ರೆಪ್ಪೆ ಮುಚ್ಚಿರಲಿಲ್ಲ.”

“ಫೋನ್ ಬಂದ್ ಮಾಡಬಹುದಿತ್ತಲ್ಲ?”

“ಎತ್ತದಿದ್ರೆ ಕರೆ ಮೇಲಿನವರಿಗೆ ಹೋಗುತ್ತೆ. ಒಂದು ಮಧ್ಯಾಹ್ನ ಸಾಕು ಅಂತ ಸೊನ್ನೆ ಸೇರಿಸಿದೆ. ಮಗು ಮಲಗ್ತು, ಇವಳು ಮಲಗಿದಳು. ನಾನೂ ಮಲಗಿಬಿಟ್ಟೆ. ಅವತ್ತೇ ತಂಪಿನ ಯಂತ್ರ ಕೆಡುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಮಾವನ ತಲೆಗೆ ಬಂದಾಗ?”

“ಹೆದರಿ ದಾಖಲೆ ಅಳಿಸಿಬಿಟ್ಟಿದ್ದೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಲೇ ಇದ್ದೆ.”

ಹೊಸ್ತಿಲಲ್ಲಿದ್ದ ಸ್ಟೋರ್‌ಕೀಪರ್ ಕೈಮುಗಿದರು. “ದೂರು ವಾಪಸ್ ತಗೋತೀನಿ ತಾಯಿ. ನನ್ನನ್ನೇ ತೆಗೀಲಿ ಬಿಡಿ.”

“ಎಫ್‌ಐಆರ್ ಆಗಿದೆ ಯಜಮಾನ್ರೇ.”

5.35ಕ್ಕೆ ಬಂಧನ. ಇನ್‌ಸ್ಪೆಕ್ಟರ್ ಫೋನನ್ನು ವಶಕ್ಕೆ ಪಡೆದು ಬಂದ್ ಮಾಡಿದಳು. ಮನೆ ಗಪ್‌ಚಿಪ್ಪಾಯಿತು. ಅಷ್ಟು ಹೊತ್ತೂ ಮಲಗಿದ್ದ ಕೂಸು ಆಗ ಎದ್ದು ಅಳತೊಡಗಿತು. ಅಜ್ಜ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ತೊಟ್ಟಿಲು ತೂಗಿದರು.