ಎಕ್ಸ್‌ಚೇಂಜಿಗೆ ಹೋದ ಗಾಡಿ

2008ರ ಫೆಬ್ರವರಿ ಹನ್ನೊಂದು, ಸೋಮವಾರ ಬೆಳಿಗ್ಗೆ ಗಾಡಿ ವ್ಯಾಪಾರಿ ಉಸ್ಮಾನಸಾಬ್ ಬಳ್ಳಾರಿಯ ಬ್ರೂಸ್‌ಪೇಟೆ ಠಾಣೆಗೆ ದೂರು ತಂದ. ಕುರುಗೋಡಿನಲ್ಲಿ ಅದಿರು ಲಾರಿಗಳನ್ನಿಟ್ಟುಕೊಂಡಿದ್ದ ಕೊಟ್ಟೂರಪ್ಪ ತನ್ನ ಬಿಳಿ ಸ್ಕಾರ್ಪಿಯೊವನ್ನು ಅವನಿಗೆ ಎಕ್ಸ್‌ಚೇಂಜಿಗೆ ಕೊಟ್ಟು ಪಜೆರೊ ಒಯ್ದಿದ್ದ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ ಆ ಸ್ಕಾರ್ಪಿಯೊ ಅಂಗಡಿಯ ಮುಂದಿನಿಂದ ಮಾಯವಾಗಿತ್ತು.

ಇನ್‌ಸ್ಪೆಕ್ಟರ್ ಮರಿಬಸಪ್ಪ ಐಪಿಸಿ 379ರಡಿ ಎಫ್‌ಐಆರ್ ದಾಖಲಿಸಿದ. ಅದಿರಿನ ದುಡ್ಡು ಹರಿದು ಬರುತ್ತಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಜನ ಚಪ್ಪಲಿ ಬದಲಿಸಿದಷ್ಟು ಸಲೀಸಾಗಿ ಗಾಡಿ ಬದಲಿಸುತ್ತಿದ್ದರು. ಕಳ್ಳರೂ ಹೊಸದನ್ನೇ ಕದಿಯುತ್ತಿದ್ದರು. ಪಕ್ಕದಲ್ಲಿ ಎರಡು ಹೊಸ ಗಾಡಿ ಮಿಂಚುತ್ತಿರುವಾಗ ಹಳೆಯದನ್ನು ಆರಿಸಿಕೊಂಡ ಕಳ್ಳ ಎಂಥವನೋ ಎಂದು ಮರಿಬಸಪ್ಪನಿಗೆ ಸೋಜಿಗವಾಯಿತು. ಸ್ಥಳ ಪಂಚನಾಮೆಯಲ್ಲಿ ಗಾಜಿನ ಚೂರಾಗಲಿ, ಕಿತ್ತ ವೈರಾಗಲಿ ಸಿಗಲಿಲ್ಲ. ಕೀಲಿ ಹಾಕಿಯೇ ಒಯ್ದಿದ್ದರು.

ಎರಡನೇ ಕೀಲಿಯ ವಿಚಾರ ಕೇಳಲು ಅವನು ಪೇದೆ ಗಾದೆಪ್ಪನೊಂದಿಗೆ ಕುರುಗೋಡಿಗೆ ಹೋದ. ಕೊಟ್ಟೂರಪ್ಪ ಮೊದಲು ಪಜೆರೊ ತೋರಿಸಿದ. ಅದರ ಕಿಟಕಿಗಳ ಪರದೆ, ಬಿಳಿ ಸಮವಸ್ತ್ರದ ಹೊಸ ಚಾಲಕ, ಎಲ್ಲವನ್ನೂ ನೋಡಿ ಮುಗಿದ ಮೇಲೆ, ಆ ಕೀಲಿ ಮನೆಯಲ್ಲೇ ಎಲ್ಲೋ ಕಳೆದಿದೆ ಎಂದ. ಹೆಂಡತಿ ಅಂಜನಾಳನ್ನು ಕೇಳೋಣವೆಂದರೆ ಅವಳು ನಿನ್ನೆ ಬಳ್ಳಾರಿಗೆ ಸಂತೆಗೆಂದು ಹೋದವಳು, ಅಲ್ಲಿಂದಲೇ ಬಸ್ಸು ಹತ್ತಿ ತವರೂರು ಹಚ್ಚೊಳ್ಳಿಗೆ ಹೋಗಿದ್ದಾಳೆ ಎಂದ. ಅವನ ಗುಮಾನಿಯೆಲ್ಲ ಹಳೇ ಚಾಲಕ ಮುಸ್ತಾಕನ ಮೇಲೆ. ಪಜೆರೊಗೆ ಒಪ್ಪುವುದಿಲ್ಲವೆಂದು ಅವನನ್ನು ಬಿಡಿಸಿದ್ದರು, ಈಗ ಸಿರುಗುಪ್ಪದಲ್ಲಿದ್ದಾನಂತೆ.

ಸಿರುಗುಪ್ಪದ ದಾರಿಯುದ್ದಕ್ಕೂ ವಿಚಾರಿಸುತ್ತ ಹೋದರು. ಒಂದು ಚಹಾದಂಗಡಿಯವನು ಬಿಳಿ ಸ್ಕಾರ್ಪಿಯೊ ಕಂಡಿದ್ದ.

"ಓಡಸಾಂವ ಹೆಂಗಿದ್ದ?"

"ಒಳಗ ಯಾರೂ ಇರಲಿಲ್ರಿ ಸಾ. ಗಾಡಿ ತಾನಽ ಹೊಂಟಿತ್ತು."

ಗಾದೆಪ್ಪ ಚಹಾ ಅಷ್ಟಕ್ಕೇ ಬಿಟ್ಟ. ಅಲ್ಲಿಂದ ಮುಂದೆ ಅವನು ದಾರಿಯ ಪ್ರತಿ ಗುಡಿಗೂ ಕೈಮುಗಿಯುತ್ತ ಬಂದ.

ಮುಸ್ತಾಕ್ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲಾರಿ ತೊಳೆಯುತ್ತ ಸಿಕ್ಕ. ಭಾನುವಾರ ಇಡೀ ದಿನ ಗಿರಣಿಯಲ್ಲೇ ಇದ್ದನೆಂದು ಅಲ್ಲಿಯವರೆಲ್ಲ ಹೇಳಿದರು.

"ಎರಡು ವರ್ಷ ಆ ಗಾಡಿ ಓಡ್ಸಿದಾಂವ ನೀನು. ನಿನ್ನ ಬಿಟ್ರ ಮತ್ಯಾರು ಒಯ್ತಾರ?" ಎಂದ ಮರಿಬಸಪ್ಪ.

ಮುಸ್ತಾಕ್ ತಲೆ ತಗ್ಗಿಸಿದ. "ನಾ ಓಡ್ಸಿದ್ದು ಕಮ್ಮಿರಿ ಸಾ. ಊರು ದಾಟಿದ ಮ್ಯಾಲೆ ಅಕ್ಕಾರು ಓಡಸ್ತಿದ್ರು. ನಾ ಹಿಂದಿನ ಸೀಟಿನ್ಯಾಗ ಮಲಗಿರ್ತಿದ್ನಿ."

ಅಂಜನಾಳಿಗೆ ಗಾಡಿ ಕಲಿಸಿದವನು ಅವನೇ. ಅವಳು ಕುಳ್ಳಿ, ಆ ಎತ್ತರದ ಗಾಡಿಯಲ್ಲಿ ಕೂತರೆ ಹೊರಗಿನವರಿಗೆ ತಲೆ ಕಾಣುತ್ತಿರಲಿಲ್ಲ. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಿರಾಳವಾದವನು ಗಾದೆಪ್ಪ.

ಮಹಿಳಾ ಪೇದೆ ಅಕ್ಕನಾಗಮ್ಮನನ್ನು ಕರೆಸಿಕೊಂಡು ಹಚ್ಚೊಳ್ಳಿಗೆ ಹೋದಾಗ ಸ್ಕಾರ್ಪಿಯೊ ದನದ ಕೊಟ್ಟಿಗೆಯ ಪಕ್ಕದಲ್ಲಿ ತೊಳೆದು ನಿಂತಿತ್ತು. ಅಂಜನಾ ಸುಳ್ಳು ಹೇಳಲಿಲ್ಲ. ಕೀಲಿ ತಂದುಕೊಟ್ಟಳು, ಮುಸ್ತಾಕ್ ಓಡಾಡಿ ಮಾಡಿಸಿಕೊಟ್ಟಿದ್ದ ಲೈಸೆನ್ಸನ್ನೂ ಕೇಳುವ ಮೊದಲೇ ತೋರಿಸಿದಳು. ಜಪ್ತಿ ಪಂಚನಾಮೆ ಶುರುವಾಗುವಷ್ಟರಲ್ಲಿ, ಸುದ್ದಿ ತಿಳಿದು ಕೊಟ್ಟೂರಪ್ಪನ ಪಜೆರೊ ಬಂದು ನಿಂತಿತು. ಅವನು ಇನ್‌ಸ್ಪೆಕ್ಟರನನ್ನು ಬೇವಿನ ಮರದ ಮರೆಗೆ ಕರೆದೊಯ್ದು, ಕಳುವು ಅಂತ ಬೇಕಾದರೆ ಬರೆಯಿರಿ, ಆದರೆ ಗಾಡಿ ಓಡಿಸಿದವನು ಯಾರೋ ಗಂಡಸು ಅಂತ ಹಾಕಿರಿ ಎಂದು ಬೇಡಿಕೊಂಡ. ಹೆಂಡತಿ ಕಳ್ಳಿ ಎಂಬುದಕ್ಕಿಂತ ಅವಳು ಸ್ಟೇರಿಂಗ್ ಹಿಡಿದದ್ದೇ ಅವನಿಗೆ ದೊಡ್ಡ ಮರ್ಯಾದೆ ಪ್ರಶ್ನೆಯಾಗಿತ್ತು.

ಆ ಮಾತು ಅಂಜನಾಳ ಕಿವಿಗೆ ಬಿತ್ತು. "ಸಾಹೇಬ್ರ, ನಾನಽ ಓಡಿಸ್ಕೊಂಡು ಬಂದೀನಿ ಅಂತ ಬರೀರಿ. ಬರ್ದಿದ್ದನ್ನ ಓದಿ ಹೇಳ್ರಿ. ಆಮ್ಯಾಲೆ ಸಹಿ ಮಾಡ್ತೀನಿ."

ಮರಿಬಸಪ್ಪ ಹಾಗೆಯೇ ಬರೆಸಿ, ಅವಳನ್ನು ದಸ್ತಗಿರಿ ಮಾಡಿದ. ಇನ್ನು ಸ್ಕಾರ್ಪಿಯೊ ಠಾಣೆಗೆ ಹೋಗಬೇಕು. ಠಾಣೆಯ ಜೀಪನ್ನು ಮರಿಬಸಪ್ಪನೇ ಓಡಿಸಬೇಕು, ಅಕ್ಕನಾಗಮ್ಮನಿಗೆ ಗಾಡಿ ಬಾರದು, ಗಾದೆಪ್ಪನಿಗೆ ಸೈಕಲ್ ಬಿಟ್ಟು ಬೇರೇನೂ ಬಾರದು. ಪಜೆರೊದ ಚಾಲಕ, ತನ್ನನ್ನು ಇಟ್ಟುಕೊಂಡದ್ದು ಹೊಸ ಗಾಡಿಗೆ ಎಂದು ದೂರ ಸರಿದ. ನೀವೇ ತನ್ನಿ ಎಂದು ಮರಿಬಸಪ್ಪ ಕೊಟ್ಟೂರಪ್ಪನಿಗೆ ಹೇಳಿದ. ಲಾರಿಗಳ ಆ ಧಣಿ ಸುತ್ತ ನೆರೆದ ಊರವರನ್ನೊಮ್ಮೆ ನೋಡಿ, ಧ್ವನಿ ತಗ್ಗಿಸಿ, "ನನಗ ಬರಂಗಿಲ್ರಿ" ಎಂದ.

ಹೀಗಾಗಿ ಆರೋಪಿಯೇ ಗಾಡಿ ತಂದಳು. ಪಕ್ಕದಲ್ಲಿ ಅಕ್ಕನಾಗಮ್ಮ ಕೂತಳು, ಹಿಂದೆ ಠಾಣೆಯ ಜೀಪು, ಅದರ ಹಿಂದೆ ಪಜೆರೊ. ಮರುದಿನ ಜಾಮೀನಾಯಿತು, ಮುಂದೆ ಕೇಸು ನಡೆದಾಗ ಉಸ್ಮಾನಸಾಬ್ ಕೋರ್ಟಿನಲ್ಲಿ ರಾಜಿಗೆ ಒಪ್ಪಿದ.

ಜಾಮೀನಿಗೂ ಮೊದಲು, ಯಾಕೆ ಒಯ್ದೆ ಎಂದು ಠಾಣೆಯಲ್ಲಿ ಕೇಳಿದಾಗ ಅವಳು, ಹೊಸ ಗಾಡಿಯಲ್ಲಿ ತನ್ನನ್ನು ಹಿಂದೆ ಕೂರಿಸಿ ಪರದೆ ಎಳೆಯುತ್ತಾರೆ, ದೊಡ್ಡ ಮನೆಯವರು ಹಾಗೇ ಹೋಗಬೇಕಂತೆ ಎಂದಳು. ಎಂಟು ದಿನಕ್ಕೊಮ್ಮೆ ತಾನೇ ಕಾಲುವೆ ದಂಡೆಯ ಮೇಲೆ ಓಡಿಸಿಕೊಂಡು ತವರಿಗೆ ಹೋಗುತ್ತಿದ್ದವಳಿಗೆ ಈಗ ಊರು ಬಂದದ್ದು ಬಾಗಿಲು ತೆಗೆದ ಮೇಲೆಯೇ ಗೊತ್ತಾಗುತ್ತಿತ್ತು.

"ದಾರಿ ಕಾಣಂಗಿಲ್ರಿ" ಎಂದಳು. ಮರಿಬಸಪ್ಪ ಅಷ್ಟನ್ನೇ ಬರೆದುಕೊಂಡ.