ನೀಲಿ ಚುಕ್ಕೆಯ ರಕ್ತಕಣ

"ಒಂದು ಕಣ್ಣು ಮುಚ್ಬೇಡ ಕಣೇ, ಎರಡೂ ಕಣ್ಣಲ್ಲಿ ನೋಡು," ಎಂದಳು ಅತ್ತೆ.

ಗುಬ್ಬಿ ಸ್ಟೂಲಿನ ಮೇಲೆ ಮಂಡಿಯೂರಿ ಮೈಕ್ರೋಸ್ಕೋಪಿನೊಳಗೆ ಇಣುಕಿದಳು. ಅತ್ತೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಗುಬ್ಬಿಗೆ ಎರಡು ವಾರದಿಂದ ಹೊಟ್ಟೆನೋವು, ಸುಸ್ತು. ಸೂಜಿ ಚುಚ್ಚಿದಾಗ ಅಳದಿದ್ದರೆ ನಿನ್ನ ರಕ್ತವನ್ನು ನಿನಗೇ ತೋರಿಸುತ್ತೇನೆ ಎಂದು ಅತ್ತೆ ಮಾತು ಕೊಟ್ಟಿದ್ದಳು. ಗುಬ್ಬಿ ತುಟಿ ಕಚ್ಚಿಕೊಂಡು ಗೆದ್ದಿದ್ದಳು.

"ಅತ್ತೆ, ಎಷ್ಟೊಂದಿದಾವೆ! ನಡುವೆ ಅದುಮಿದ ಬಿಲ್ಲೆ ಥರ."

"ಅವೇ ಕೆಂಪು ರಕ್ತಕಣ. ಉಸಿರಾಡಿದ ಗಾಳೀಲಿರೋ ಆಕ್ಸಿಜನ್‌ನ ಮೈಯೆಲ್ಲ ಹೊತ್ಕೊಂಡು ಹೋಗೋ ಹಮಾಲಿಗಳು."

"ಕೆಲವು ಹಮಾಲಿಗಳ ಮೈಮೇಲೆ ಸಣ್ಣ ಸಣ್ಣ ನೀಲಿ ಚುಕ್ಕೆ ಇದೆ. ಇಲ್ಲೊಂದು, ಅಲ್ಲೊಂದು... ನಂದು ಸ್ಪೆಷಲ್ ರಕ್ತನಾ?"

ಅತ್ತೆ ಅವಳನ್ನು ಸರಿಸಿ ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಪ್ಪ ಸೀಸ ಕಾಯ್ಸುವಾಗ ನೀನೆಲ್ಲಿರ್ತೀಯ?"

ಗುಬ್ಬಿಯ ಅಪ್ಪ ಮೀನಿನ ಬಲೆ ಹೆಣೆಯುತ್ತಾನೆ. ಬಲೆ ನೀರಲ್ಲಿ ಮುಳುಗಲೆಂದು ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಅಡುಗೆಮನೆಯಲ್ಲೇ ಎರಕ ಹೊಯ್ಯುತ್ತಾನೆ.

"ಪಕ್ಕದಲ್ಲೇ," ಗುಬ್ಬಿ ಜಂಬದಿಂದ ಹೇಳಿದಳು. "ಗುಂಡನ್ನ ಹಲ್ಲಲ್ಲಿ ಕಚ್ಚಿ ದಾರಕ್ಕೆ ಬಿಗಿ ಮಾಡೋದೂ ನಾನೇ. ಅಪ್ಪನಿಗಿಂತ ಫಾಸ್ಟು."

ಅತ್ತೆ ನಗಲಿಲ್ಲ. "ಸೀಸ ರಕ್ತಕ್ಕೆ ಸೇರಿದ್ರೆ ಕಣಗಳನ್ನ ಸರಿಯಾಗಿ ಬೆಳೆಯೋಕೆ ಬಿಡಲ್ಲ ಕಣೇ. ಆ ಚುಕ್ಕೆ ಅದರದ್ದೇ ಗುರುತಿರಬಹುದು. ಇನ್ನೊಂದು ಟೆಸ್ಟ್ ಮಾಡ್ಬೇಕು."

ಗುಬ್ಬಿ ಅತ್ತೆಯ ಕೈ ಹಿಡಿದುಕೊಂಡಳು. "ಅಪ್ಪನ್ನ ಬೈಬೇಡ ಅತ್ತೆ. ಅವನಿಗೆ ಗೊತ್ತಿರಲಿಲ್ಲ."

ಟೆಸ್ಟಿನಲ್ಲೂ ಸೀಸ ಇರುವುದು ಖಚಿತವಾಯಿತು. ಅಪ್ಪ ಓಡಿ ಬಂದ. ಮೈಕ್ರೋಸ್ಕೋಪಿನಲ್ಲಿ ಅವನಿಗೆ ಏನೂ ಕಾಣಿಸದಿದ್ದಾಗ ಗುಬ್ಬಿಯೇ ಹೇಳಿಕೊಟ್ಟಳು: "ಎರಡೂ ಕಣ್ಣು ತೆಗಿ ಅಪ್ಪ. ಈಗ ಕಾಣ್ತಾ?"

ಅಪ್ಪ ಅಂದೇ ಒಲೆ, ಅಚ್ಚು, ಸೀಸದ ಗಟ್ಟಿ ಎಲ್ಲವನ್ನೂ ಹೊತ್ತು ಊರಾಚೆಯ ಶೆಡ್ಡಿಗೆ ಸಾಗಿಸಿದ; ಎರಕದ ಕೆಲಸ ಇನ್ನು ಅಲ್ಲೇ. ಅಡುಗೆಮನೆಯನ್ನು ಮೂರು ಸಲ ತೊಳೆದ. ಡಾಕ್ಟರು ಅವನ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು.

ಎರಡು ತಿಂಗಳಾಯಿತು. ಹೊಟ್ಟೆನೋವು ಹೋಗಿತ್ತು. ಆ ದಿನ ಅತ್ತೆ ಹೊಸ ಸ್ಲೈಡ್ ತೋರಿಸಿದಳು. ಗುಬ್ಬಿ ಆಸ್ಪತ್ರೆಯಿಂದ ಮನೆಗೆ ಓಡಿಕೊಂಡೇ ಬಂದಳು. ಸಂಜೆ ಅಪ್ಪ ಬಾಗಿಲಲ್ಲಿ ಕಾಣಿಸಿದ್ದೇ ತಡ, ಕೂಗುತ್ತಾ ನುಗ್ಗಿದಳು.

"ಅಪ್ಪ, ಎಷ್ಟು ಹುಡುಕಿದ್ರೂ ಒಂದೇ ಒಂದು ಚುಕ್ಕೆ ಕಣ ಸಿಕ್ತು!"

"ಅಲ್ಲೇ ನಿಲ್ಲು," ಎಂದ ಅಪ್ಪ, ಎರಡು ಹೆಜ್ಜೆ ಹಿಂದೆ ಸರಿದು. "ಮುಟ್ಬೇಡ."

ಗುಬ್ಬಿಯ ಮುಖ ಸಪ್ಪಗಾಯಿತು. ಅಪ್ಪ ಹಿತ್ತಲ ಕಡೆಯಿಂದ ಬಚ್ಚಲಿಗೆ ಹೋದ. ಸೀಸದ ಧೂಳು ಹಿಡಿದ ಶೆಡ್ಡಿನ ಬಟ್ಟೆ ಬಕೆಟ್ಟಿಗೆ ಬಿದ್ದ ಸದ್ದಾಯಿತು. ಆಮೇಲೆ ನೀರು. ಚೊಂಬಿನ ಮೇಲೆ ಚೊಂಬು. ಉಜ್ಜುವ ಸದ್ದು, ಮತ್ತೆ ನೀರು.

ಗುಬ್ಬಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಒಗೆದ ಟವೆಲ್ ತಂದು, ಬಚ್ಚಲ ಬಾಗಿಲ ಪಕ್ಕ ಕಾಯುತ್ತ ನಿಂತಳು.