ನದಿಯ ಪರವಾಗಿ ಒಂದು ಸುಳ್ಳು

ಆಗಸ್ಟಿನಲ್ಲಿ ನದಿಯ ಸೀಗಡಿಗಳು ಸತ್ತು ತೇಲಿದವು. ಸಿಗ್‌ಬ್ರಿಟ್‌ಳ ಅಪ್ಪ ಬಲೆ ಬಿಡುತ್ತಿದ್ದ ತಿರುವಿನಲ್ಲೇ. ಕಾರಣ ಅವಳಿಗೆ ಗೊತ್ತಿತ್ತು. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕಾರ್ಖಾನೆಯಲ್ಲಿ ಪರಿಸರ ನಿರ್ವಹಣೆಯ ಮುಖ್ಯಸ್ಥೆ ಅವಳೇ.

ಮಾಲೀಕ ಥೂರೆ ಕಾಫಿಗೆ ಬನ್ನು ಅದ್ದುತ್ತ ಅವಳ ಮಾತು ಕೇಳಿಸಿಕೊಂಡ.

"ಒಳ್ಳೇದೇ ಆಯ್ತಲ್ಲ. ಇನ್ಮೇಲೆ ದೂರು ಕೊಡೋಕೆ ಯಾರೂ ಉಳಿದಿಲ್ಲ."

"ಹೊಸ ನಿಯಮ ಬಂದಿದೆ, ಥೂರೆ."

"ಬರಲಿ. ಎಲ್ಲದರ ಕೆಳಗೂ ಸಹಿ ನಿಂದೇ. ಮುಳುಗಿದ್ರೆ ಜೊತೇಲೇ ಮುಳುಗೋಣ."

ಮೊದಲೆಲ್ಲ ತಪಾಸಣೆಯವರು ಹೇಳಿ ಬರುತ್ತಿದ್ದರು, ಅವತ್ತು ಥೂರೆ ನದಿಗೆ ಬಿಡುವ ಕೊಳವೆ ಮುಚ್ಚಿಸುತ್ತಿದ್ದ. ಈಗ ಕೊಳವೆಯ ಕೆಳಗೆ, ನದಿಯಲ್ಲೇ, ನೀರಿನಲ್ಲಿ ಸತು ಎಷ್ಟಿದೆ ಎಂದು ಹೇಳುವ ಒಂದು ಅಳತೆಕಡ್ಡಿ ಇಳಿಬಿಟ್ಟಿದ್ದರು. ಅದರ ಲೆಕ್ಕ ಕ್ಷಣಕ್ಷಣವೂ ನೇರ ಪರಿಸರ ಇಲಾಖೆಗೆ ಹೋಗುತ್ತಿತ್ತು. ಆದರೆ ಕಡ್ಡಿಗೆ ಪಾಚಿ ಹಿಡಿಯುತ್ತದೆ, ಆಗಾಗ ಎತ್ತಿ ತೊಳೆಯಬೇಕು. ತೊಳೆಯುವಷ್ಟು ಹೊತ್ತು ಒಂದು ಗುಂಡಿ ಒತ್ತಿದರೆ ಅಳತೆ ನಿಲ್ಲುತ್ತಿತ್ತು. ಅವಳು ಕಡ್ಡಿ ಎತ್ತಿದ್ದನ್ನು ಕಿಟಕಿಯಿಂದ ನೋಡಿಕೊಂಡು ಥೂರೆ ಕಬ್ಬಿಣ ತೊಳೆದು ಉಳಿದ, ಸತು ಬೆರೆತ ಕೊಳೆ ಆಮ್ಲವನ್ನು ನದಿಗೆ ಬಿಡಿಸುತ್ತಿದ್ದ. ಗುಂಡಿ ಒತ್ತುವ ಬೆರಳು ಪ್ರತಿ ಸಲವೂ ಅವಳದೇ. ಬಾಯಿಬಿಟ್ಟು ಹೇಳಿದರೆ ಅದನ್ನೂ ಹೇಳಬೇಕಾಗುತ್ತಿತ್ತು.

ಹೇಳುವುದನ್ನು ಕಡ್ಡಿಯೇ ಹೇಳಲಿ ಎಂದುಕೊಂಡಳು.

ಜನವರಿಯ ಒಂದು ಬೆಳಿಗ್ಗೆ ಕಬ್ಬಿಣ ತೊಳೆಯುವ ಬೆಚ್ಚನೆಯ ತೊಟ್ಟಿಯಿಂದ ಒಂದು ಬಕೆಟ್ ಕೊಳೆ ಆಮ್ಲ ತುಂಬಿಸಿಕೊಂಡು ದಡಕ್ಕೆ ನಡೆದಳು. ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟದೆ ಉಳಿದ ನೀರಿನಿಂದ ಕಡ್ಡಿ ಎತ್ತಿದಳು, ಗುಂಡಿ ಮಾತ್ರ ಒತ್ತಲಿಲ್ಲ. ಬಕೆಟ್ಟಿನಲ್ಲಿ ಅದ್ದಿ ಹಿಡಿದಳು. ಕಿಟಕಿಗೆ ಅದು ತೊಳೆಯುವಂತೆಯೇ ಕಾಣುತ್ತದೆ. ಇಲಾಖೆಯ ಪರದೆಯಲ್ಲಿ ಮಾತ್ರ ವಿಷ ಜಿಗಿಯುತ್ತದೆ. ಕಡ್ಡಿ ನೀರಿನ ಹೊರಗಿತ್ತು ಎಂದು ಥೂರೆ ಹೇಳುವಂತಿಲ್ಲ. ಹೇಳಿದರೆ, ನೀನು ಯಾಕೆ ಅದನ್ನೇ ನೋಡುತ್ತ ನಿಂತಿದ್ದೆ ಎಂದು ಕೇಳುತ್ತಾರೆ. ಮೋಸ ಎನ್ನುವಂಥದ್ದೂ ಇದರಲ್ಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದೇ ವಿಷ, ಅದೇ ಹೊತ್ತಿಗೆ ಪಕ್ಕದಲ್ಲೇ ನದಿಗೆ ಬೀಳುತ್ತಿದೆ.

ಸಂಜೆಯೊಳಗೆ ಪೊಲೀಸರು ಬಂದರು. ಥೂರೆ ಅವಳ ಮುಖ ನೋಡದೆ ಕಾರು ಹತ್ತಿದ. ಕೆಲಸ ನಿಂತು ಮನೆಗೆ ಹೊರಟವರೂ ಅವಳ ಮುಖ ನೋಡಲಿಲ್ಲ. ಗೆದ್ದಿದ್ದೇನೆ ಎಂದು ಮತ್ತೆ ಮತ್ತೆ ಅಂದುಕೊಳ್ಳುತ್ತ ಅವಳೂ ಮನೆಗೆ ನಡೆದಳು.

ಮುಂದಿನ ವಾರ ಇಲಾಖೆಯ ಇಂಗೆಲಾ ಅವಳ ಮನೆಗೆ ಬಂದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಇಂಗೆಲಾ ಕೋಟು ಬಿಚ್ಚದೆ ಕೂತಳು.

"ಥೂರೆನ ಬಿಟ್ಟುಬಿಡ್ತಾರೆ, ಸಿಗ್‌ಬ್ರಿಟ್. ಈ ನದಿಯ ಒಂದು ಅಳತೇನೂ ನಂಬೋ ಹಾಗಿಲ್ಲ ಅಂತ ಅವನ ವಕೀಲ ಬರೆದಿದ್ದಾನೆ. ಹಿಂದಿನದೂ, ಮುಂದಿನದೂ. ನನ್ನ ಹತ್ರ ಉತ್ತರ ಇಲ್ಲ."

"ಯಾಕೆ? ವಿಷ ಎಷ್ಟಿತ್ತು ಅಂತ ನೀನೇ ನೋಡಿದ್ದೀಯಲ್ಲ."

"ನೋಡಿದ್ದೀನಿ." ಇಂಗೆಲಾ ಕೈಗವಸನ್ನು ಮಡಿಚಿದಳು, ಮತ್ತೆ ಬಿಡಿಸಿದಳು. "ಆ ಕಡ್ಡಿ ಸತುವನ್ನ ಮಾತ್ರ ಅಳೆಯಲ್ಲ ಕಣೇ, ನೀರಿನ ಬಿಸೀನೂ ಅಳೆಯುತ್ತೆ. ಅವತ್ತು ನದಿ ದಡದವರೆಗೂ ಹೆಪ್ಪುಗಟ್ಟಿತ್ತು. ಅಂಥ ನೀರು ಇದ್ದಕ್ಕಿದ್ದಂತೆ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿಯಾಗಿ, ಮತ್ತೆ ಇದ್ದಕ್ಕಿದ್ದಂತೆ ತಣ್ಣಗಾಗಿದೆ. ಬಕೆಟ್ ಯಾವುದು ಅಂತ ನೀನೇ ಹೇಳ್ತೀಯಾ, ಇಲ್ಲ ನಾನೇ ಹುಡುಕಲಾ?"